ಎಕ್ಸ್‌ಟ್ರಾ ಫಿಟಿಂಗಿನ ಗಾಡಿ ಮಾರುವವರಿಗೆ ಎರಡು ಮಾತು

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಕಾರು ಮಾರುವ ವಿಷಯವೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಕವನ ಕೊಡು, ಇಲ್ಲವೇ ಒಂದು ವಿಮರ್ಶೆಯನ್ನಾದರೂ ಕೊಡು ಎಂದು ಸಂಪಾದಕ ಮಿತ್ರರು ಕೇಳಿದ್ದರು. ಕವನ ನನಗೆ ಬರುವುದಿಲ್ಲ. ವಿಮರ್ಶೆ ಬರೆದರೆ ಕವನ ಬರೆದವರು ಮಾತು ಬಿಡುತ್ತಾರೆ. ಆದ್ದರಿಂದ ಪರೀಕ್ಷೆ ಮುಗಿದ ಮೇಲೆ ನಮ್ಮ ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಒಂದು ಜಾತಿಯ ಗದ್ಯವನ್ನೇ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಅದು ಹೀಗಿರುತ್ತದೆ: “ಕಾರು ಮಾರಾಟಕ್ಕಿದೆ. ಸಿಂಗಲ್ ಓನರ್. ಅಲಾಯ್ ವೀಲ್, ಪವರ್‌ಫುಲ್ ಹೆಡ್‌ಲೈಟ್, ಸಬ್‌ವೂಫರ್, ಸ್ಪೋರ್ಟ್ಸ್ ಸೈಲೆನ್ಸರ್. ಒಂದೂವರೆ ಲಕ್ಷದ ಎಕ್ಸ್‌ಟ್ರಾ ಫಿಟಿಂಗ್. ನೋಡಿದರೆ ಬಿಡುವುದಿಲ್ಲ.”

ಈ ನಾಲ್ಕು ಸಾಲಿನಲ್ಲಿ ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ಹೆಚ್ಚು. ಯಾವ ವೈರು ಕತ್ತರಿಸಿ ಆ ಲೈಟು ಹಾಕಿದರು? ಕಂಪನಿಯ ಸೈಲೆನ್ಸರ್ ಎಲ್ಲಿದೆ? ಆರ್‌ಸಿ ಪುಸ್ತಕಕ್ಕೂ ಎದುರಿಗೆ ನಿಂತಿರುವ ಗಾಡಿಗೂ ಹೊಂದುತ್ತದೆಯೆ? ಇನ್ಶೂರೆನ್ಸ್‌ನವರಿಗೆ ಇದೆಲ್ಲ ಗೊತ್ತೆ? ಒಂದಕ್ಕೂ ಉತ್ತರವಿಲ್ಲ. ನನ್ನ ವಾದ ಇಷ್ಟೇ: ಗಾಡಿಗೆ ಹೊರಗಿನ ಸಾಮಾನು ಹಾಕಿಸಿದವನಿಗೆ ಅದನ್ನು ಮಾರುವಾಗ ಸುಮ್ಮನಿರುವ ಹಕ್ಕಿಲ್ಲ. ಕಂಪನಿಯಿಂದ ಬಂದ ಹಾಗೇ ಇಟ್ಟುಕೊಂಡ ಗಾಡಿ ಮಾರುವವನಿಗಿಂತ ಇವನು ಹೆಚ್ಚು ಮಾತಾಡಬೇಕು. ಬೆಲೆಯನ್ನು ಮಾತ್ರ ಹೆಚ್ಚು ಕೇಳಬಾರದು.

ಗಾಡಿ ಸಿಂಗರಿಸುವವರ ಮೇಲೆ ನನಗೇನೂ ಸಿಟ್ಟಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ವಿದಾಯ ಹೇಳಿದವಲ್ಲ, ಅವುಗಳೊಳಗೆ ಚಾವಣಿಗೆ ಅಂಟಿಸಿದ ಹೂಬಳ್ಳಿಯ ರೆಕ್ಸಿನ್ನು, ಕನ್ನಡಿಗೆ ಕಟ್ಟಿದ ಕುಚ್ಚು ಯಾರಿಗೆ ಮರೆಯುತ್ತದೆ? ಸಾವಿರಾರು ಗಾಡಿ ಒಂದೇ ಅಚ್ಚಿನಲ್ಲಿ ಬಂದಾಗ ಇದು ನನ್ನದು ಎಂಬ ಗುರುತು ಮನುಷ್ಯನಿಗೆ ಬೇಕಾಗುತ್ತದೆ. ಕುರ್ಲಾದ ಸಿ.ಎಸ್.ಟಿ. ರಸ್ತೆ, ಪುಣೆಯ ನಾನಾ ಪೇಠ್, ಚೆನ್ನೈನ ಪುದುಪೇಟೆ, ದೆಹಲಿಯ ಕಾಶ್ಮೀರಿ ಗೇಟ್, ಬೆಂಗಳೂರಿನ ಜೆ.ಸಿ. ರಸ್ತೆ – ಇವುಗಳಲ್ಲಿ ಯಾವುದಾದರೊಂದರಲ್ಲಿ ಒಂದು ಸಂಜೆ ಅಡ್ಡಾಡಿ ಬನ್ನಿ, ಗಾಡಿಯೇ ಇಲ್ಲದವನಿಗೂ ಒಂದು ಸ್ಟಿಯರಿಂಗ್ ಕವರ್ ಕೊಳ್ಳೋಣ ಅನಿಸುತ್ತದೆ. ಶೋಕಿ ಇರಲಿ. ಪ್ರಶ್ನೆ ಏಳುವುದು ಆ ಶೋಕಿಯನ್ನು ಇನ್ನೊಬ್ಬರ ಕೈಗೆ ದಾಟಿಸುವಾಗ.

ಕಳೆದ ವರ್ಷ ನಮ್ಮ ಕಾಲೇಜಿನ ಹಿರಿಯ ಮಿತ್ರನೊಬ್ಬ ತನ್ನ 2014ರ ಸ್ವಿಫ್ಟ್ ಮಾರಲು ಹೊರಟ. ಡೊಂಬಿವಲಿಯಿಂದ ಒಬ್ಬರು ನೋಡಲು ಬಂದರು. ಹೊನ್ನಾವರದ ಕಡೆಯವರು, ನಿವೃತ್ತಿಗೆ ಎರಡು ವರ್ಷ ಉಳಿದವರು. ಮೊದಲ ಸಲ ಕಾರು ಕೊಳ್ಳುತ್ತಿದ್ದರು. ಹೆಂಡತಿ, ವಯಸ್ಸಾದ ತಾಯಿಯನ್ನು ಕೂರಿಸಿಕೊಂಡು ವರ್ಷಕ್ಕೆರಡು ಸಲ ಊರಿಗೆ ಹೋಗಿಬರುವ ಆಸೆ. ರಾತ್ರಿ ಹೊರಟರೆ ಟ್ರಾಫಿಕ್ ಕಡಿಮೆ ಎಂಬ ಲೆಕ್ಕವನ್ನೂ ಹಾಕಿಟ್ಟುಕೊಂಡಿದ್ದರು. “ತೊಂದರೆ ಏನಾದ್ರೂ ಉಂಟಾ?” ಎಂದು ಕೇಳಿದರು. “ಏನೂ ಇಲ್ಲ ಅಂಕಲ್, ಸೂಪರ್ ಕಂಡಿಷನ್” ಎಂದ ನಮ್ಮ ಮಿತ್ರ.

ನನ್ನ ಸೋದರಮಾವ ಮೂವತ್ತು ವರ್ಷದಿಂದ ಗ್ಯಾರೇಜಿನಲ್ಲಿ ವೈರಿಂಗ್ ಕೆಲಸ ಮಾಡುವವರು. ಅವರನ್ನು ಕರೆತಂದಿದ್ದವನು ನಾನೇ. ಮಾವ ಬಾನೆಟ್ ಎತ್ತಿದರು, ಹೆಡ್‌ಲೈಟಿನ ಹಿಂದಿನ ರಬ್ಬರ್ ಬಿಚ್ಚಿ ಬಲ್ಬಿನ ಹೋಲ್ಡರನ್ನು ಹೊರಗೆಳೆದರು. ಬಿಳಿ ಪ್ಲಾಸ್ಟಿಕ್ಕು ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಒಂದು ಕಡೆ ಕರಗಿ ಇಳಿದಿತ್ತು. “ಇದೆಂತದು ಮಾರಾಯ, ಇದ್ರಲ್ಲಿ ರಾತ್ರಿ ಘಾಟಿ ಇಳಿಯೂದಾ?” ಎಂದು ಕೇಳಿ, ಮತ್ತೇನೂ ಹೇಳದೆ ರಬ್ಬರನ್ನು ಮೊದಲಿದ್ದ ಹಾಗೆ ಕೂರಿಸಿದರು. ಬಂದವರು ಚಹಾ ಕುಡಿದು ಹೊರಟುಹೋದರು. ಮಿತ್ರ ಮಾತ್ರ ನನ್ನ ಮೇಲೆ ಕೆಂಡವಾದ. “ನೀನು ನನ್ನ ದೋಸ್ತೋ, ಅವರ ಕಡೆಯವನೋ?” ಎಂದ. ಇವತ್ತಿಗೂ ಕ್ಯಾಂಟೀನಿನಲ್ಲಿ ಎದುರಾದರೆ ಅವನ ಮುಖ ಆ ಕಡೆಗಿರುತ್ತದೆ. ಅವನ ಪ್ರಶ್ನೆಗೆ ಅವತ್ತು ನಾನು ಉತ್ತರ ಹೇಳಲಿಲ್ಲ. ಅದು ಅವನೊಬ್ಬನ ಪ್ರಶ್ನೆಯಲ್ಲದ ಕಾರಣ ಇಲ್ಲಿ ಹೇಳುತ್ತೇನೆ.

ಆ ಹೋಲ್ಡರ್ ಕರಗಿದ್ದೇಕೆ ಎಂಬುದು ಪಿಯುಸಿ ಭೌತಶಾಸ್ತ್ರ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಬರುವ ಬಲ್ಬು 60/55 ವ್ಯಾಟಿನದು. ಹನ್ನೆರಡು ವೋಲ್ಟಿನ ಲೆಕ್ಕದಲ್ಲಿ ಹೈಬೀಮಿಗೆ ಒಂದೊಂದು ಬಲ್ಬೂ 5 ಆಂಪಿಯರ್ ಎಳೆಯುತ್ತದೆ. ಅದರ ಜಾಗಕ್ಕೆ ಪೇಟೆಯಲ್ಲಿ ಸಿಗುವ 100/90 ವ್ಯಾಟಿನ ಬಲ್ಬು ಹಾಕಿದರೆ ಎಂಟು ಆಂಪಿಯರಿಗೂ ಮೇಲೆ. ವೈರು ಮಾತ್ರ ಅದೇ. ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣ ಎಂದು ಓದಿದ್ದೇವಲ್ಲ? ಹಾಗಾದರೆ ಅದು ಸುಮಾರು ಎರಡೂಮುಕ್ಕಾಲು ಪಟ್ಟು. ದಪ್ಪ ವೈರು, ಪ್ರತ್ಯೇಕ ರಿಲೇ ಮತ್ತು ಫ್ಯೂಸ್ ಹಾಕಿದ್ದರೆ ವೈರಾದರೂ ತಡೆದೀತು. ಬಲ್ಬಿನ ಕಾವಿಗೆ ಹೋಲ್ಡರೂ ಗಟ್ಟಿಯದೇ ಬೇಕು. ಇಷ್ಟೆಲ್ಲ ಇದ್ದರೂ ಎದುರಿನಿಂದ ಬರುವವನ ಕಣ್ಣು ಕುಕ್ಕುವ ಪಾಪ ತಪ್ಪುವುದಿಲ್ಲ, ಅದು ಬೇರೆ ಮಾತು. ರಿಲೇ ಇದೆಯೋ ಇಲ್ಲವೋ ಎಂಬುದು ಹಾಕಿಸಿದವನಿಗೆ ಗೊತ್ತಿರುತ್ತದೆ, ಹಾಕಿದ ಹುಡುಗನಿಗೆ ಗೊತ್ತಿರುತ್ತದೆ. ಕೊಳ್ಳುವವನಿಗೆ ಕಾಣುವುದು ಬೆಳಕು ಮಾತ್ರ.

ಇನ್ನು ಆ ಮಿತ್ರನ ವಾದಗಳಿಗೆ ಬರುತ್ತೇನೆ. ಅವು ಮೂರು. ಮೂರನ್ನೂ ನೀವೂ ಎಲ್ಲಾದರೂ ಕೇಳಿರುತ್ತೀರಿ.

ಮೊದಲನೆಯದು, “ಒಂದೂವರೆ ಲಕ್ಷ ಸುರಿದಿದ್ದೇನೆ, ವಾಪಸು ಬರಬೇಡವೆ?” ಯಾಕೆ ಬರಬೇಕು ಸ್ವಾಮಿ? ನೀವು ಆ ಹಣಕ್ಕೆ ಕೊಂಡದ್ದು ನಿಮ್ಮ ಸಂತೋಷ. ನಾಲ್ಕು ವರ್ಷ ಆ ಸಂತೋಷವನ್ನು ಉಂಡಾಯಿತು. ಉಂಡ ಊಟದ ಬಿಲ್ಲನ್ನು ಮುಂದಿನ ಪಂಕ್ತಿಯವರ ಎಲೆಯ ಪಕ್ಕ ಇಡುವುದುಂಟೆ? ನಿಮಗೆ ಸಂಗೀತವೆನಿಸಿದ ಸೈಲೆನ್ಸರಿನ ಸದ್ದು ಐವತ್ತೆಂಟು ವರ್ಷದವರಿಗೆ ತಲೆನೋವು. ಅವರು ಅದನ್ನು ತೆಗೆಸಬೇಕು, ಅದಕ್ಕೆ ಖರ್ಚು ಅವರದೇ. ಹಾಗೆ ನೋಡಿದರೆ ಅಂಥ ಗಾಡಿಯ ಬೆಲೆ ಏರುವುದಲ್ಲ, ಇಳಿಯುತ್ತದೆ. ಹಳೆ ಗಾಡಿಯ ದಲ್ಲಾಳಿಯನ್ನು ಕೇಳಿ ನೋಡಿ. ಫಿಟಿಂಗಿನ ಪಟ್ಟಿ ಓದಿದಷ್ಟೂ ಅವನ ಮುಖದಲ್ಲಿ ಅನುಮಾನ ಹೆಚ್ಚುತ್ತದೆ. ಇಷ್ಟು ಸಿಂಗಾರ ಮಾಡಿದವನು ಇದನ್ನು ಎಷ್ಟು ಜೋರಾಗಿ ಓಡಿಸಿರಬಹುದು ಎಂದು ಅವನ ಲೆಕ್ಕ.

ಎರಡನೆಯದು, “ನೋಡಿಕೊಂಡು ತಗೊಳ್ಳೋದು ಅವರ ಕೆಲಸ.” ಇದು ಗಟ್ಟಿಯಾದ ವಾದ, ಕಾನೂನೂ ಇದರ ಬೆನ್ನಿಗಿದೆ. ನಮ್ಮ 1872ರ ಕರಾರು ಕಾಯ್ದೆಯ 17ನೇ ಕಲಮಿನ ಕೆಳಗೆ ಒಂದು ಕುದುರೆಯ ಉದಾಹರಣೆಯಿದೆ. ಕಾನೂನು ಓದುವ ಗೆಳೆಯರಿಗೆ ಇದು ಬಾಯಿಪಾಠ. ಒಬ್ಬ ತನ್ನ ಕುದುರೆಯಲ್ಲಿ ದೋಷವಿದೆಯೆಂದು ಗೊತ್ತಿದ್ದೂ ಬಾಯಿ ಬಿಡದೆ ಹರಾಜಿನಲ್ಲಿ ಇನ್ನೊಬ್ಬನಿಗೆ ಮಾರುತ್ತಾನೆ. ಇದು ವಂಚನೆಯಲ್ಲ ಎನ್ನುತ್ತದೆ ಕಾಯ್ದೆ. ಬರೀ ಮೌನ ವಂಚನೆಯಾಗುವುದಿಲ್ಲ. ಆದರೆ ನಮ್ಮವರು ಇಲ್ಲಿಗೇ ಪುಸ್ತಕ ಮುಚ್ಚಿಬಿಡುತ್ತಾರೆ. ಅದೇ ಕುದುರೆ ಇನ್ನೂ ಎರಡು ಸಲ ಬರುತ್ತದೆ. ಕೊಳ್ಳುವವಳು ಆಗತಾನೇ ಪ್ರಾಯಕ್ಕೆ ಬಂದ ಅವನ ಸ್ವಂತ ಮಗಳಾದರೆ? ಆಗ ಹೇಳುವುದು ಅವನ ಕರ್ತವ್ಯ. “ನೀನು ಅಲ್ಲ ಅನ್ನದಿದ್ದರೆ ಕುದುರೆ ಸರಿಯಾಗಿದೆ ಎಂದು ತಿಳಿಯುತ್ತೇನೆ” ಎಂದು ಕೊಳ್ಳುವವನು ಹೇಳಿ, ಮಾರುವವನು ಸುಮ್ಮನಿದ್ದರೆ? ಆಗ ಆ ಮೌನವೇ ಮಾತಿಗೆ ಸಮ.

ಡೊಂಬಿವಲಿಯ ಹಿರಿಯರು “ತೊಂದರೆ ಏನಾದ್ರೂ ಉಂಟಾ” ಎಂದು ಕೇಳಿದ್ದು ಈ ಮೂರನೆಯ ಕುದುರೆಗೂ ಒಂದು ಹೆಜ್ಜೆ ಮುಂದಿನದು. ಅವರು ಬಾಯಿಬಿಟ್ಟು ಕೇಳಿದರು. ಇವನೂ ಬಾಯಿಬಿಟ್ಟೇ “ಏನೂ ಇಲ್ಲ” ಎಂದ. ಗೊತ್ತಿದ್ದೂ ಹಾಗೆಂದದ್ದಾದರೆ ಅಲ್ಲಿ ಮೌನದ ಆಸರೆಯೂ ಇಲ್ಲ.

ಕಾನೂನು ಬಿಡಿ, ಕುದುರೆಗೂ ಮಾಡಿಫೈ ಮಾಡಿದ ಕಾರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕುದುರೆಯ ದೋಷ ದೇವರು ಕೊಟ್ಟದ್ದು. ಬಲ್ಲವನು ಹಲ್ಲು ನೋಡಿ, ಗೊರಸು ನೋಡಿ ಹೇಳಿಯಾನು. ಕಂಪನಿ ಕಾರಿಗೂ ಹಾಗೆಯೇ, ಅದೇ ಮಾದರಿಯ ಲಕ್ಷಾಂತರ ಗಾಡಿಗಳಿವೆ, ಯಾವುದು ಎಲ್ಲಿ ಕೆಡುತ್ತದೆಂದು ಮೆಕ್ಯಾನಿಕ್ಕುಗಳಿಗೆ ಗೊತ್ತು. ಆದರೆ ಒಬ್ಬ ಹುಡುಗ ಒಂದು ಭಾನುವಾರ ಸಂಜೆ ಡ್ಯಾಶ್‌ಬೋರ್ಡಿನ ಹಿಂದೆ ಕತ್ತರಿಸಿ, ತಿರುಚಿ, ಟೇಪು ಸುತ್ತಿದ ವೈರು ಯಾವ ನಕ್ಷೆಯಲ್ಲೂ ಇಲ್ಲ. ಆ ದೋಷವನ್ನು ಹುಟ್ಟಿಸಿದವನು ಮಾರುವವನೇ, ಅದರ ಜಾಗ ಗೊತ್ತಿರುವವನೂ ಅವನೇ. ನೋಡಿಕೊಂಡು ತಗೋ ಎನ್ನುವುದು ನೋಡಲು ಸಾಧ್ಯವಿದ್ದಾಗ ಆಡಬೇಕಾದ ಮಾತು.

ಕನ್ನಡ ಎಂ.ಎ. ಓದುವವರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. ಗ್ರಂಥಸಂಪಾದನೆಯ ಪಾಠದಲ್ಲಿ ಪ್ರಕ್ಷಿಪ್ತ ಭಾಗ ಎಂದು ಓದುತ್ತೀರಿ. ಓಲೆಗರಿಯ ಪ್ರತಿ ಮಾಡುವವನು ತನಗೆ ಚೆನ್ನೆನಿಸಿದ ನಾಲ್ಕು ಪದ್ಯಗಳನ್ನು ನಡುವೆ ತೂರಿಸಿರುತ್ತಾನೆ. ಪದ್ಯ ಸೊಗಸಾಗಿಯೇ ಇರಬಹುದು. ಆದರೂ ಪ್ರಾಮಾಣಿಕ ಸಂಪಾದಕ ಅದಕ್ಕೆ ಕಂಸ ಹಾಕುತ್ತಾನೆ, ಇದು ಕವಿಯದಲ್ಲ ಎಂದು ಅಡಿಟಿಪ್ಪಣಿ ಕೊಡುತ್ತಾನೆ. ಗಾಡಿ ಮಾರುವವನಿಂದ ನಾನು ಕೇಳುವುದು ಆ ಅಡಿಟಿಪ್ಪಣಿಯನ್ನು, ಅಷ್ಟೇ.

ಮೂರನೆಯದು, “ಎಲ್ಲರೂ ಹೀಗೇ ಮಾರುತ್ತಾರೆ.” ಇದಕ್ಕೆ ಉತ್ತರ ಬೇಕಿಲ್ಲ. ಎಲ್ಲರೂ ಕಾಪಿ ಹೊಡೆಯುತ್ತಾರೆ ಎಂಬ ಕಾರಣಕ್ಕೆ ಪರೀಕ್ಷಾ ಕೊಠಡಿಯಲ್ಲಿ ಯಾರನ್ನೂ ಬಿಟ್ಟದ್ದನ್ನು ನಾನಂತೂ ಕಂಡಿಲ್ಲ.

ಇನ್ನು, ಮೌನವಾಗಿ ಮಾರಿದ ಗಾಡಿಯ ಜೊತೆ ಕೊಂಡವನ ತಲೆಗೆ ಏನೇನು ಬರುತ್ತದೆ ಎಂಬುದನ್ನು ನೋಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಆರ್‌ಸಿಯ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲಿಕನಿಗೆ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡನ್ನೂ ಗೊತ್ತುಮಾಡಿತು. ಗಾಜಿಗೆ ಕಪ್ಪು ಫಿಲ್ಮು ಅಂಟಿಸುವುದನ್ನು ಸುಪ್ರೀಂ ಕೋರ್ಟು 2012ರ ಏಪ್ರಿಲಿನಲ್ಲೇ ತಡೆದಿತ್ತು. ಮುಂದಿನ ಬಂಪರಿಗೆ ಕಟ್ಟುವ ಕಬ್ಬಿಣದ ಬುಲ್‌ಬಾರನ್ನು ತೆಗೆಸುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆಯಿತು. ಅದಕ್ಕೆ ಕಾರಣವೂ ಇದೆ. ಡಿಕ್ಕಿಯಲ್ಲಿ ನಜ್ಜುಗುಜ್ಜಾಗಿ ಪೆಟ್ಟನ್ನು ಹೀರಬೇಕಾದ ಮುಂಭಾಗವನ್ನು ಆ ಕಬ್ಬಿಣ ಹಾಗಾಗಲು ಬಿಡುವುದಿಲ್ಲ. ಏರ್‌ಬ್ಯಾಗಿನ ಸೆನ್ಸರಿನ ಲೆಕ್ಕವೂ ತಪ್ಪುತ್ತದೆ. ಸೀಟಿನ ಪಕ್ಕದಿಂದ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಕಾರುಗಳಿಗೆ ಸಾಮಾನ್ಯ ಸೀಟ್ ಕವರ್ ಬಿಗಿದು ಹೊಲಿಸಿದರೂ ಇಂಥದೇ ಅಪಾಯ. ಸಿಂಗಾರಕ್ಕೆಂದು ಹಾಕಿದ್ದು ಪ್ರಾಣಕ್ಕೆ ಅಡ್ಡ ಬರುತ್ತದೆ.

ನಾಳೆ ರಸ್ತೆಯಲ್ಲಿ ಪೊಲೀಸರು ಕೈ ಅಡ್ಡ ಹಿಡಿದಾಗ ಸ್ಟಿಯರಿಂಗ್ ಹಿಡಿದವರೇ ಉತ್ತರ ಹೇಳಬೇಕು. ಅಪಘಾತವಾದರೆ ಇನ್ಶೂರೆನ್ಸಿನ ಸರ್ವೇಯರ್ ಬಂದು, ಇದನ್ನು ಪಾಲಿಸಿಯಲ್ಲಿ ತಿಳಿಸಿಲ್ಲವಲ್ಲ ಎನ್ನುತ್ತಾನೆ. ಮುಂಬಯಿ ಕನ್ನಡಿಗರ ಹಳೇ ಗಾಡಿಗಳು ಎಷ್ಟೋ ಸಲ ಕೊನೆಗೆ ಊರು ಸೇರುತ್ತವೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಕರ್ನಾಟಕದಲ್ಲಿ ಇಟ್ಟುಕೊಂಡರೆ ಅಲ್ಲಿಯ ನಂಬರ್ ಪಡೆಯಬೇಕು. ಅಲ್ಲಿಯ ಆರ್‌ಟಿಓ ಕಚೇರಿಯಲ್ಲಿ ಗಾಡಿಯನ್ನೂ ಕಾಗದವನ್ನೂ ಪಕ್ಕ ಪಕ್ಕ ಇಟ್ಟು ನೋಡುವ ದಿನ, ಮಾರಿದ ಪುಣ್ಯಾತ್ಮ ಎಲ್ಲಿರುತ್ತಾನೋ!

ಹಾಗೆಂದು ಎಲ್ಲ ಫಿಟಿಂಗೂ ದೋಷವೆಂದು ನಾನು ಹೇಳಲಾರೆ. ನನ್ನ ಮಿತ್ರನ ಸ್ವಿಫ್ಟಿನದೇ ಉದಾಹರಣೆ. ಆ ಕಾಲದ ಕೆಳಗಿನ ಮಾದರಿಗಳಿಗೆ 165/80 ಆರ್14 ಟೈರು, ಮೇಲಿನ ಮಾದರಿಗೆ 185/65 ಆರ್15. ಲೆಕ್ಕ ಹಾಕಿದರೆ ಎರಡರ ಒಟ್ಟು ವ್ಯಾಸ 620 ಮಿಲಿಮೀಟರಿನ ಆಸುಪಾಸು, ಎರಡು ಮಿಲಿಮೀಟರಿನ ವ್ಯತ್ಯಾಸ. ತಯಾರಕರೇ ಅದೇ ಕಾರಿಗೆ ಕೊಟ್ಟ ಅಳತೆ. ಅದೇ 195/65 ಆರ್15 ಹಾಕಿದರೆ ವ್ಯಾಸ 634ಕ್ಕೆ ಏರಿ, ಮೀಟರು ನೂರು ತೋರಿಸುವಾಗ ಗಾಡಿ ನೂರೆರಡಕ್ಕೂ ಮೇಲೆ ಓಡುತ್ತಿರುತ್ತದೆ. ಓಡಿದ ಕಿಲೋಮೀಟರಿನ ಲೆಕ್ಕವೂ ಅಷ್ಟರಮಟ್ಟಿಗೆ ಸುಳ್ಳು. ಎರಡೂ ಅಲಾಯ್ ವೀಲೇ, ಹೊರಗಿನಿಂದ ನೋಡಿದರೆ ಎರಡೂ ಚೆಂದವೇ. ಟೈರಿನ ಮೇಲಿನ ಅಂಕಿ ಓದಿ ಹೇಳುವವನು ಬೇಕು.

ಸಿಎನ್‌ಜಿ ಕಿಟ್ಟೂ ಹಾಗೆ. ಆರ್‌ಸಿಯಲ್ಲಿ ನಮೂದಾಗಿ, ಇನ್ಶೂರೆನ್ಸಿನಲ್ಲೂ ಸೇರಿ, ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಪರೀಕ್ಷೆಯಾದ ಚೀಟಿಯಿದ್ದರೆ ಅದಕ್ಕೆ ನಾಲ್ಕು ಕಾಸು ಹೆಚ್ಚು ಕೇಳುವುದು ನ್ಯಾಯ. ಚೀಟಿ ಇಲ್ಲದಿದ್ದರೆ ಅದು 200 ಬಾರ್ ಒತ್ತಡದ ಒಂದು ಅನುಮಾನ, ಹಿಂದಿನ ಸೀಟಿನ ಬೆನ್ನಿಗೆ. ಇನ್ನು ಕಾಲಿನ ಶಕ್ತಿ ಇಲ್ಲದವರಿಗೆಂದು ಬ್ರೇಕು, ಆಕ್ಸಿಲರೇಟರನ್ನು ಕೈಗೆ ಹೊಂದಿಸಿದ ಗಾಡಿಗಳಿವೆ. ಅಂಥದಕ್ಕೆ ಕಾನೂನೇ ದಾರಿ ಕೊಟ್ಟಿದೆ. ಅದನ್ನು ಬಿಚ್ಚಿಸಿ ಮಾರುವ ಬದಲು, ಅದೇ ಅಗತ್ಯವಿರುವ ಇನ್ನೊಬ್ಬರನ್ನು ಹುಡುಕಿ ಕಾಗದದ ಸಮೇತ ಕೊಡುವುದು ಒಳ್ಳೆಯ ಕೆಲಸ. ಫಿಟಿಂಗಿನಿಂದ ಬೆಲೆ ಏರುವ ಸಂದರ್ಭ ಇದು. ಯಾಕೆಂದರೆ ಕೊಳ್ಳುವವರಿಗೆ ಅದು ಬೇಕಾಗಿದೆ.

ಹಾಗಾದರೆ ಮಾರುವವನು ಏನು ಮಾಡಬೇಕು? ಮಾವನನ್ನು ಕೇಳಿದೆ. ಅವರು ಹೇಳಿದ್ದಕ್ಕೆ ನನ್ನದನ್ನೂ ಸೇರಿಸಿ ಬರೆಯುತ್ತೇನೆ. ಗಾಡಿಯಿಂದ ಬಿಚ್ಚಿದ ಮೂಲ ಸಾಮಾನನ್ನು ಯಾವತ್ತೂ ಗುಜರಿಗೆ ಹಾಕಬೇಡಿ. ಅಟ್ಟದ ಮೇಲೆ ಇಡಿ. ಮಾರುವ ಮುಂಚೆ ಬಲ್ಬು, ಸೈಲೆನ್ಸರ್, ಹಾರ್ನ್, ಚಕ್ರ ಎಲ್ಲವನ್ನೂ ಮೊದಲಿದ್ದ ಹಾಗೆ ಮಾಡಿಸಿ. ಬಿಚ್ಚಿದ ಫಿಟಿಂಗಿನಲ್ಲಿ ಕಾನೂನು ಒಪ್ಪುವಂಥದಿದ್ದರೆ ಅದರ ಹುಚ್ಚಿರುವವರಿಗೆ ಬೇರೆಯಾಗಿ ಮಾರಿ, ಕಾರಿನ ಜೊತೆ ಮಾರುವುದಕ್ಕಿಂತ ಹೆಚ್ಚೇ ಸಿಗಬಹುದು. ಬಿಚ್ಚಲಾಗದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ: ಏನು, ಯಾವಾಗ, ಎಲ್ಲಿ ಹಾಕಿಸಿದ್ದು, ಯಾವ ವೈರು ಎಲ್ಲಿಂದ ಎಳೆದದ್ದು, ಬಿಲ್ಲಿದೆಯೆ, ಆರ್‌ಸಿಯಲ್ಲಿದೆಯೆ. ಎರಡು ಪ್ರತಿ ಮಾಡಿ, ಇಬ್ಬರೂ ಸಹಿ ಹಾಕಿ, ಒಂದೊಂದು ಇಟ್ಟುಕೊಳ್ಳಿ. ಕೊಳ್ಳುವವರು ತಮ್ಮ ಮೆಕ್ಯಾನಿಕ್ಕನ್ನು ಕರೆತಂದರೆ ಮುಖ ಗಂಟು ಹಾಕಬೇಡಿ, ಬಾನೆಟ್ಟನ್ನು ನೀವೇ ಎತ್ತಿ.

ಈ ಹಾಳೆ ಕೊಳ್ಳುವವರ ಮೇಲಿನ ದಯೆ ಮಾತ್ರವಲ್ಲ, ಮಾರುವವನ ರಕ್ಷಣೆಯೂ ಹೌದು. ಹಾಗೆಯೇ 29 ಮತ್ತು 30ನೇ ನಮೂನೆಗಳು. ಸಹಿ ಹಾಕಿಕೊಟ್ಟು ಕೈತೊಳೆದುಕೊಂಡರೆ ಸಾಲದು. ಅದೇ ರಾಜ್ಯದಲ್ಲಿ ಮಾರಿದರೆ ಹದಿನಾಲ್ಕು ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಹೆಸರು ಬದಲಾದ ಆರ್‌ಸಿಯನ್ನು ಕಣ್ಣಾರೆ ನೋಡುವ ತನಕ ಬೆನ್ನು ಬಿಡಬಾರದು. 2009ರಲ್ಲಿ ನಡೆದ ಒಂದು ಅಪಘಾತದ ಪ್ರಕರಣದಲ್ಲಿ ಗಾಡಿ ಅಷ್ಟರೊಳಗೆ ಕೈಯಿಂದ ಕೈಗೆ ದಾಟಿತ್ತು. ದಾಖಲೆಯಲ್ಲಿ ಮಾತ್ರ ಮೊದಲನೆಯವನ ಹೆಸರೇ ಉಳಿದಿತ್ತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲಿಕನದೇ ಎಂದು ತೀರ್ಪು ಕೊಟ್ಟಿತು. ನಿಮ್ಮ ಕೈಯಲ್ಲಿ ವೈರು ಕತ್ತರಿಸಿಕೊಂಡ ಗಾಡಿ ನಿಮ್ಮ ಹೆಸರಿನಲ್ಲೇ ಎಲ್ಲೋ ಓಡುತ್ತಿದೆ ಎಂದುಕೊಳ್ಳಿ, ನಿದ್ದೆ ಬಂದೀತೆ?

ದೋಸ್ತಿಯ ಪ್ರಶ್ನೆಗೆ ನನ್ನ ಉತ್ತರ ಇದು. ಗೆಳೆಯನ ಪಕ್ಕ ನಿಲ್ಲುವುದೆಂದರೆ ಅವನ ಸುಳ್ಳಿನ ಪಕ್ಕ ನಿಲ್ಲುವುದಲ್ಲ. ಪರ ಊರಿನಲ್ಲಿ ಕನ್ನಡದವರು ಕನ್ನಡದವರನ್ನು ಹುಡುಕಿಕೊಂಡು ಬಂದು ವ್ಯವಹಾರ ಮಾಡುವುದು ಒಂದು ನಂಬಿಕೆಯ ಮೇಲೆ. ನಮ್ಮ ಭಾಷೆಯಲ್ಲಿ ಕೇಳಿದರೆ ನಿಜ ಹೇಳುತ್ತಾರೆ ಎಂಬ ನಂಬಿಕೆ. ಹತ್ತಿಪ್ಪತ್ತು ಸಾವಿರ ಹೆಚ್ಚು ಸಿಗುತ್ತದೆಂದು ಆ ನಂಬಿಕೆಯನ್ನು ಗಾಡಿಯ ಜೊತೆ ಮಾರಿಬಿಟ್ಟರೆ, ಮುಂದಿನ ಸಲ “ಉಂಟಾ?” ಎಂದು ಯಾರೂ ಕೇಳುವುದಿಲ್ಲ.

ಇದನ್ನು ಒಪ್ಪದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆಂದು ಬಲ್ಲೆ. ಮುಂದಿನ ಸಂಚಿಕೆಗೆ ಬರೆಯಲಿ, ಸಂಪಾದಕರು ಎರಡು ಪುಟ ಬಿಡಲಿ. ಜೊತೆಗೆ ಒಂದು ಸಲಹೆ: ನೋಟೀಸ್ ಬೋರ್ಡಿನಲ್ಲಿ ಗಾಡಿ ಮಾರುವವರು ಇನ್ನು ಮೇಲೆ ಎರಡು ಪಟ್ಟಿ ಹಾಕಲಿ. ಒಂದರಲ್ಲಿ ಏನು ಹಾಕಿಸಿದ್ದೇನೆ ಎಂದಿರಲಿ. ಇನ್ನೊಂದರಲ್ಲಿ, ಅದಕ್ಕಾಗಿ ಏನನ್ನು ಕತ್ತರಿಸಿದ್ದೇನೆ ಎಂದಿರಲಿ.